ಮೂತಿ ಬಂದ ಟ್ಯಾಂಕ್: ಒಂದು ಗಾಳದ ಕಯಾಕಿನ ರಿಪೇರಿ ಪ್ರಕರಣ

ಹಂಗಾರಕಟ್ಟೆ ಹತ್ತಿರ ಸೀತಾ ಹೊಳೆಯಲ್ಲಿ ಒಂದು ಬೆಳಿಗ್ಗೆ ಏಳರ ಹೊತ್ತಿಗೆ ನನ್ನ ಕಯಾಕ್ (ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿ) ಯಾಕೋ ಸೋಮಾರಿಯಾಯಿತು. ಎಷ್ಟು ಹುಟ್ಟು ಹಾಕಿದರೂ ಮುಂದೆ ಹೋಗುತ್ತಿಲ್ಲ. ಬಾಲ ಸ್ವಲ್ಪ ಕೆಳಗೆ ಕೂತಿದೆ. ಗಾಳ ಎಸೆಯಲು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ವಾಲುತ್ತದೆ, ಆಮೇಲೆ ವಾಪಸ್ ಬರೋದಕ್ಕೆ ಮೀನಮೇಷ ಎಣಿಸುತ್ತದೆ. ಕೂತ ಜಾಗದ ಕೆಳಗಿನಿಂದ ಗುಳುಗುಳು ಸದ್ದು. ಹೊಟ್ಟೆಯೊಳಗೆ ನೀರು ಹೊಕ್ಕಿತ್ತು.

ಇಳಿತದ ಹೊತ್ತು ಬೇರೆ. ಸೀತಾ, ಸ್ವರ್ಣಾ ಎರಡೂ ಹೊಳೆ ಕೂಡಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಇಳಿತದಲ್ಲಿ ನೀರು ಆ ಕಡೆಗೇ ಎಳೆಯುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡಿದ್ದೆ, ದಡ ಹತ್ತಿರವಿತ್ತು, ಹಾಗಾಗಿ ದೊಡ್ಡ ಕಥೆ ಏನಾಗಲಿಲ್ಲ. ದಡಕ್ಕೆ ಎಳೆದು ತಂದು, ಬಾಲದ ಬಿರಡೆ ತೆಗೆದು ಮೂತಿ ಎತ್ತಿ ಹಿಡಿದೆ. ಸುಮಾರು ಎರಡು ಬಕೆಟ್ ನೀರು ಸುರಿಯಿತು. ಎರಡು ಬಕೆಟ್ ಅಂದರೆ 30 ಲೀಟರ್, ಅಂದರೆ 30 ಕಿಲೋ. ಖಾಲಿ ಕಯಾಕಿನ ತೂಕವೇ ಅಷ್ಟು! ಅದೂ ಒಂದು ಕಡೆ ಸುಮ್ನೆ ಕೂರುವ ತೂಕವಲ್ಲ. ನಾವು ವಾಲಿದ ಕಡೆಗೇ ಓಡಿ ಬಂದು ಇನ್ನಷ್ಟು ವಾಲಿಸುವ ತೂಕ. ಮಗುಚಲು ಅರ್ಧ ಬಕೆಟ್ ಕಡಿಮೆ ಬಿದ್ದಿತ್ತು ಅಷ್ಟೆ ಅಂತ ಈಗ ಅನಿಸುತ್ತದೆ.

ಇದು ನಾನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಕಯಾಕ್. 12 ಅಡಿ ಉದ್ದ, ಎರಡೂವರೆ ಅಡಿ ಅಗಲ, ಕಿತ್ತಳೆ ಬಣ್ಣ. ಒಳಗೆ ಕಾಲು ತೂರಿಸಿ ಕೂರುವ ಮಾದರಿಯಲ್ಲ, ಮೇಲೆ ಕೂರುವ ಮಾದರಿ. ಗಾಳ ಹಾಕುವವರಿಗೆ ಇದೇ ಅನುಕೂಲ, ಕಾಲು ಇಳಿಬಿಟ್ಟು ಕೂರಬಹುದು, ಬಿದ್ದರೆ ಮತ್ತೆ ಹತ್ತಬಹುದು. ಮೇಲೆ ಬಿದ್ದ ನೀರು ಇಳಿದುಹೋಗಲು ಮೈಯಲ್ಲಿ ಆರು ತೂತುಗಳಿವೆ. ಇವಕ್ಕೆ ಸ್ಕಪ್ಪರ್ ಅಂತಾರೆ. ಹೊಸಬರು ಇದನ್ನು ನೋಡಿ "ತೂತಿದ್ದರೆ ಮುಳುಗಲ್ವಾ?" ಅಂತ ಕೇಳುತ್ತಾರೆ. ಮುಳುಗಲ್ಲ. ತೂತು ಅಂದರೆ ಮೇಲಿನ ಹಲಗೆಯಿಂದ ತಳದವರೆಗೆ ಹೋಗುವ ಒಂದು ಕೊಳವೆ, ಅದಕ್ಕೂ ಹೊಟ್ಟೆಗೂ ಸಂಪರ್ಕವಿಲ್ಲ. ಆ ಕೊಳವೆ ತಳವನ್ನು ಸೇರುವ ಅಂಚು ಬಿರುಕು ಬಿಟ್ಟರೆ ಮಾತ್ರ ಸಂಪರ್ಕ ಬರುತ್ತದೆ. ನನಗೆ ಬಂದದ್ದೂ ಅದೇ. ಹಿಂದಿನ ಎಡ ತೂತಿನ ಅಂಚಿನಿಂದ ಹೊರಟ ಒಂದು ಬಿರುಕು, ಅಳೆದರೆ 9 ಸೆಂಟಿಮೀಟರ್, ಉಗುರಿನ ಹಾಗೆ ಸ್ವಲ್ಪ ಬಾಗಿದ ಗೆರೆ. ಕೈಯಿಂದ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮನೆಯಂಗಳದಲ್ಲಿ ನೋಡಿದಾಗ ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ.

ಹೊಳೆಯ ಕಲ್ಲಿಗೆ ಅಂಟಿದ ಚಿಪ್ಪು ಕೊಯ್ದಿರಬೇಕು ಅಂದುಕೊಂಡೆ. ಅಲ್ಲಿನ ಕಲ್ಲುಗಳ ಮೇಲೆ ಬ್ಲೇಡಿನಂಥ ಚಿಪ್ಪುಗಳಿವೆ, ಬರಿಗಾಲಲ್ಲಿ ಇಳಿದವರಿಗೆ ಗೊತ್ತು. ಆ ಊಹೆ ತಪ್ಪು ಅಂತ ಗೊತ್ತಾಗಲು ತಿಂಗಳೇ ಹಿಡಿಯಿತು.

ಮೊದಲ ರಿಪೇರಿ, ಮತ್ತು ಅದು ಎದ್ದುಬಂದ ಬಗೆ

ಕರಾವಳಿಯಲ್ಲಿ ದೋಣಿ ಒಡೆದರೆ ಫೈಬರ್ ಕೆಲಸದವರ ಹತ್ತಿರ ಹೋಗುವುದು ರೂಢಿ. ನಾನೂ ಹೋದೆ. ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ (ಒಣಗಿದರೆ ಗಟ್ಟಿಯಾಗುವ ಅಂಟು) ಬಳಿದು ದಿನಕ್ಕೆ ನಾಲ್ಕು ದೋಣಿ ಸರಿಮಾಡುವ ಕೈ ಅದು. ಗ್ರೈಂಡರ್ ಹಿಡಿದು ಬಿರುಕಿನ ಸುತ್ತ ಒರಟು ಮಾಡಿ, ಎರಡು ಪದರ ಮ್ಯಾಟ್ ಕೂರಿಸಿ, ಮೇಲೆ ಕಿತ್ತಳೆ ಬಣ್ಣವನ್ನೂ ಹೊಂದಿಸಿ ಕೊಟ್ಟರು. 1,500 ರೂಪಾಯಿ. ನೋಡಲು ಹೊಸದರ ಹಾಗಿತ್ತು.

ಮೂರನೇ ಸಲ ನೀರಿಗಿಳಿಸಿದಾಗ ತೇಪೆಯ ಒಂದು ಮೂಲೆ ಎದ್ದಿತ್ತು. ಉಗುರು ಹಾಕಿ ಎಳೆದೆ. ಕಾವಲಿಯಿಂದ ನೀರ್ದೋಸೆ ಎದ್ದ ಹಾಗೆ ಇಡೀ ತೇಪೆ ಒಂದೇ ತುಂಡಾಗಿ ಕೈಗೆ ಬಂತು. ಕೆಳಗಿನ ಪ್ಲಾಸ್ಟಿಕ್ ಮೇಲೆ ಗ್ರೈಂಡರ್ ಗೀರು ಬಿಟ್ಟರೆ ರೆಸಿನಿನ ಒಂದು ಚೂರೂ ಇಲ್ಲ.

ಕೆಲಸದವರದ್ದು ತಪ್ಪಲ್ಲ, ನನ್ನದೇ. "ಫೈಬರ್ ದೋಣಿ ಒಡೆದಿದೆ" ಅಂತ ಹೇಳಿ ಒಪ್ಪಿಸಿದ್ದು ನಾನು. ಇದು ಫೈಬರ್ ಅಲ್ಲವೇ ಅಲ್ಲ, ಪಾಲಿಎಥಿಲೀನ್. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಅಂಟು ಹಿಡಿಯಬೇಕಾದರೆ ಮೊದಲು ಮೇಲ್ಮೈ ಮೇಲೆ ಹರಡಬೇಕು. ಪಾಲಿಎಥಿಲೀನ್ ಮೇಲೆ ಅದು ಹರಡದೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ. ಪಾಲಿಯೆಸ್ಟರ್ ರೆಸಿನ್, ಅರಾಲ್‌ಡೈಟ್, ಎಂ-ಸೀಲ್, ಸಿಲಿಕಾನ್, ಎಲ್ಲದರ ಹಣೆಬರಹವೂ ಒಂದೇ. ಒಣಗಿದಾಗ ಗಟ್ಟಿ ಹಿಡಿದಂತೆ ಕಾಣುತ್ತದೆ. ಆದರೆ ಕಯಾಕಿನ ಮೈ ನೀರಲ್ಲಿ ಬಳುಕುತ್ತದೆ, ಮೇಲಿನ ಗಟ್ಟಿ ತೇಪೆ ಬಳುಕುವುದಿಲ್ಲ. ಎದ್ದೇ ಏಳುತ್ತದೆ.

ಇದು ಯಾವ ವಸ್ತು ಅಂತ ಕಂಡುಹಿಡಿಯಲು ಲ್ಯಾಬ್ ಬೇಡ. ಅಂಚಿನಿಂದ ಚಾಕುವಿನಲ್ಲಿ ಒಂದು ಸಣ್ಣ ಸಿಬರು ಹೆರೆಯಿರಿ. ಲೋಟದ ನೀರಿಗೆ ಹಾಕಿ. ತೇಲಿದರೆ ಹೆಚ್ಚುಕಡಿಮೆ ಪಾಲಿಎಥಿಲೀನೇ, ಯಾಕಂದರೆ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಫೈಬರ್ ಮುಳುಗುತ್ತದೆ, ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕೂ ಮುಳುಗುತ್ತದೆ. ಆಮೇಲೆ ಅದೇ ಸಿಬರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ನನ್ನದು ನೀಲಿ ಬುಡದ ಜ್ವಾಲೆಯಲ್ಲಿ ತೊಟ್ಟಿಕ್ಕುತ್ತ ಉರಿಯಿತು. ಆರಿಸಿದಾಗ ದೇವರ ಕೋಣೆಯಲ್ಲಿ ಮೇಣದ ಬತ್ತಿ ಆರಿಸಿದ ವಾಸನೆ. ಇಷ್ಟು ಮಾಡಲು ಐದು ನಿಮಿಷ ಸಾಕಿತ್ತು. 1,500 ರೂಪಾಯಿ ಕೊಟ್ಟ ಮೇಲೆ ಮಾಡಿದೆ ಅನ್ನುವುದೇ ಬೇಜಾರು.

ಟೇಪು ಹಿಡಿದು ಹುಡುಕಿದ್ದು

ತೇಪೆ ಎದ್ದ ಮೇಲೆ ಸಂಜೆ ಕಯಾಕನ್ನು ಜಗಲಿಯಲ್ಲಿ ಕವುಚಿ ಹಾಕಿ ಸುಮ್ನೆ ನೋಡುತ್ತ ಕೂತಿದ್ದೆ. ಇಳಿಬಿಸಿಲು ಓರೆಯಾಗಿ ತಳದ ಮೇಲೆ ಬೀಳುತ್ತಿತ್ತು. ಆಗ ಕಂಡಿತು. ತಳಕ್ಕೆ ಅಡ್ಡಲಾಗಿ, ಎಡದಿಂದ ಬಲಕ್ಕೆ, ಒಂದು ನೆಟ್ಟಗಿನ ತಗ್ಗು. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಇದು ಕಾಣುವುದೇ ಇಲ್ಲ. ಬೆರಳು ಸವರಿದರೆ ಮಾತ್ರ ತಿಳಿಯುತ್ತದೆ. ಬಿರುಕು ಹೊರಟ ತೂತು ಸರಿಯಾಗಿ ಆ ತಗ್ಗಿನ ಮೇಲೇ ಇತ್ತು.

ಕಲ್ಲಿನ ಗಾಯವಾದರೆ ಹೀಗೆ ಅಡ್ಡಡ್ಡ ನೆಟ್ಟಗೆ ಇರುವುದಿಲ್ಲ, ಮೂತಿಯಿಂದ ಬಾಲದ ಕಡೆಗೆ ಗೀರಿರುತ್ತದೆ. ಟೇಪು ತಂದು ಬಾಲದ ತುದಿಯಿಂದ ಅಳೆದೆ. 3 ಅಡಿ 5 ಇಂಚು. ಆ ಅಂಕಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಯೋಚಿಸಿದಾಗ ಹೊಳೆಯಿತು. ಬೆಂಗಳೂರಿನಿಂದ ತಂದ ದಿನ ಪಿಕಪ್ ಡ್ರೈವರ್ "ಹಿಂದೆ ಮೂರೂವರೆ ಅಡಿ ಆಚೆ ಬರ್ತದೆ ಸರ್, ಕೆಂಪು ಬಟ್ಟೆ ಕಟ್ಟುವ" ಅಂದಿದ್ದರು.

ಫೋನಿನಲ್ಲಿ ಆ ದಿನದ ಫೋಟೋ ಇತ್ತು. ಪಿಕಪ್ಪಿನ ತೊಟ್ಟಿ ಕಯಾಕಿಗಿಂತ ಗಿಡ್ಡ. ಮೂತಿಯನ್ನು ಕ್ಯಾಬಿನ್ ಬುಡಕ್ಕೆ ಇಳಿಸಿ, ಬಾಲವನ್ನು ಮುಚ್ಚಿದ ಹಿಂಬಾಗಿಲಿನ ಮೇಲೆ ಮಲಗಿಸಿದ್ದೆವು. ಇಡೀ ಭಾರ ಆ ಕಬ್ಬಿಣದ ಅಂಚಿನ ಮೇಲೆ. ಹಾರದಿರಲಿ ಅಂತ ನೈಲಾನ್ ಹಗ್ಗದಲ್ಲಿ ಬಾಲವನ್ನು ಕೆಳಗೆಳೆದು, ಕೋಲು ತಿರುವಿ ಬಿಗಿದಿದ್ದೆವು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮನೆ ಮುಟ್ಟಲು ಸುಮಾರು 400 ಕಿಲೋಮೀಟರ್, ಏಪ್ರಿಲ್ ಬಿಸಿಲು, ರಸ್ತೆಯ ಪ್ರತಿ ಉಬ್ಬಿಗೂ ಬಾಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬಿಸಿಲಿಗೆ ಈ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಮೆತ್ತಗಾದಾಗ ಒತ್ತಿದ ಜಾಗ ತಗ್ಗಾಗುತ್ತದೆ. ತಗ್ಗಿನ ಗೆರೆ ಗಟ್ಟಿ ಕೊಳವೆಯ ಅಂಚಿಗೆ ಬಂದು ನಿಂತಿತು. ಬಳುಕುವ ಜಾಗವೂ ಬಳುಕದ ಜಾಗವೂ ಸೇರುವ ಕಡೆಯೇ ಬಿರುಕು ಹುಟ್ಟುವುದು, ತಂತಿಯನ್ನು ಒಂದೇ ಜಾಗದಲ್ಲಿ ಹತ್ತು ಸಲ ಬಗ್ಗಿಸಿದ ಹಾಗೆ. (ಅಂದಹಾಗೆ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡವಿದೆ. ಆ ದಿನ ಯಾರೂ ನಿಲ್ಲಿಸಲಿಲ್ಲ ಅನ್ನುವುದು ನನ್ನ ಪುಣ್ಯ. ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಅದು ಮಾಫಿ ಆಗುವುದಿಲ್ಲ.)

ಉಳಿದ ಕೆಲಸವನ್ನು ಮುಗಿಸಿದ್ದು ನನ್ನ ತಳ್ಳುಗಾಡಿ. ಕಯಾಕ್ ಒಯ್ಯಲು ಎರಡು ಚಕ್ರದ ಪುಟ್ಟ ಗಾಡಿ ಸಿಗುತ್ತದೆ. ಅದರ ಎರಡು ಗೂಟಗಳನ್ನು ಹಿಂದಿನ ಸ್ಕಪ್ಪರ್ ತೂತುಗಳೊಳಗೆ ತೂರಿಸಿ ಎಳೆದುಕೊಂಡು ಹೋಗುವುದು. ನೋಡಲು ಚಂದ. ಆದರೆ ಕಯಾಕ್, ಐಸ್ ಡಬ್ಬ, ಲಂಗರು ಎಲ್ಲದರ ಭಾರ ಆ ಎರಡು ತೂತಿನ ಅಂಚಿನ ಮೇಲೇ ಬೀಳುತ್ತದೆ. ನಮ್ಮ ಮನೆಯಿಂದ ಹೊಳೆಗಿಳಿಯುವ ದಾರಿ ಮುರಕಲ್ಲಿನದು. ಒಂದೊಂದು ಕಲ್ಲಿಗೂ ಗೂಟ ಅಂಚನ್ನು ಗುದ್ದುತ್ತಿತ್ತು. ಮೊದಲೇ ಸುಸ್ತಾಗಿದ್ದ ಎಡ ತೂತು ಎಷ್ಟು ದಿನ ತಡೆದೀತು?

ಅಂತೂ ಹೊಳೆಯಲ್ಲಿ ಏನೂ ಆಗಿರಲಿಲ್ಲ. ಕಯಾಕ್ ಒಡೆದದ್ದು ಒಣ ನೆಲದ ಮೇಲೆ, ನೀರು ಅದನ್ನು ತೋರಿಸಿಕೊಟ್ಟಿತು ಅಷ್ಟೆ. ಬರೀ ಬಿರುಕು ಮುಚ್ಚಿ ಅದೇ ಗಾಡಿ, ಅದೇ ಹಗ್ಗ ಬಳಸಿದ್ದರೆ ಆರು ತಿಂಗಳಲ್ಲಿ ಇನ್ನೊಂದು ಬಿರುಕು ಖಾತ್ರಿ ಇತ್ತು.

ಟ್ಯಾಂಕಿನವರು

ಅಂಟುವುದಿಲ್ಲ ಅಂದರೆ ಕರಗಿಸಿಯೇ ಬೆಸೆಯಬೇಕು. ಅದನ್ನು ಯಾರು ಮಾಡುತ್ತಾರೆ ಅಂತ ವಾರಗಟ್ಟಲೆ ಹುಡುಕಿದೆ. ಉತ್ತರ ರಸ್ತೆಯಲ್ಲೇ ಓಡಾಡುತ್ತಿತ್ತು. ಬೈಕಿಗೆ ಸ್ಪೀಕರ್ ಕಟ್ಟಿಕೊಂಡು "ನೀರಿನ ಟ್ಯಾಂಕ್ ರಿಪೇರಿ" ಅಂತ ಊರೂರು ಸುತ್ತುವವರು! ಮನೆ ಮೇಲಿನ ಕಪ್ಪು ಟ್ಯಾಂಕ್ ಆಗುವುದು ಹೇಗೆ? ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿನೊಳಗೆ ಹಾಕಿ, ಅಚ್ಚನ್ನು ಕಾಯಿಸುತ್ತ ಎಲ್ಲ ದಿಕ್ಕಿಗೂ ತಿರುಗಿಸುತ್ತಾರೆ. ಪುಡಿ ಕರಗಿ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ನನ್ನ ಕಯಾಕೂ ಹಾಗೆಯೇ ಆದದ್ದು. ಅಚ್ಚು ಬೇರೆ, ಅಷ್ಟೆ.

ಕೂಗಿ ನಿಲ್ಲಿಸಿದೆ. ಅವರು ಕಯಾಕಿನ ಸುತ್ತ ಒಂದು ಸುತ್ತು ಬಂದರು.

"ಎಂತ ಮಾರಾಯ್ರೆ ಇದು? ಟ್ಯಾಂಕಿಗೆ ಮೂತಿ ಬಂದದ್ದಾ?"

ಆಮೇಲೆ ಉಗುರಲ್ಲಿ ಗೀರಿ ನೋಡಿ, "ನಮ್ಮ ಮಾಲೇ. ಆಗ್ತದೆ" ಅಂದರು. ಅವರ ಚೀಲದಲ್ಲಿದ್ದದ್ದು ಕಪ್ಪು ಪ್ಲಾಸ್ಟಿಕ್ ಕಡ್ಡಿ. ಅದು ಯಾವ ಟ್ಯಾಂಕಿನದ್ದೋ, ಎಷ್ಟು ಸಲ ಕರಗಿದ್ದೋ. ಬೆಸೆಯಲು ಬಳಸುವ ಕಡ್ಡಿ ಮೈಯದ್ದೇ ಪ್ಲಾಸ್ಟಿಕ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಎರಡೂ ಕರಗಿದರೂ ಸರಿಯಾಗಿ ಬೆರೆಯುವುದಿಲ್ಲ.

ಇಲ್ಲಿ ಒಂದೇ ಕಲ್ಲಿಗೆ ಎರಡು ಮಾವು ಬಿತ್ತು. ಒಳಗಿನಿಂದಲೂ ಬೆಸೆಯಬೇಕಾದರೆ ಕೈ ಹೋಗಲು ದಾರಿ ಬೇಕಿತ್ತು. ಸೀಟಿನ ಹಿಂದೆ ತಿರುಗಿಸಿ ಮುಚ್ಚುವ ಆರು ಇಂಚಿನ ಹ್ಯಾಚ್ (ಮುಚ್ಚಳವಿರುವ ಕಿಂಡಿ) ಹಾಕಬೇಕು ಅಂತ ಮೊದಲೇ ಆಸೆಯಿತ್ತು. ದುಂಡಗೆ ಗುರುತು ಮಾಡಿ, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದೆ. ಕೈಗೆ ಬಂದದ್ದು ಹಪ್ಪಳದಷ್ಟು ಅಗಲದ ಕಿತ್ತಳೆ ಬಿಲ್ಲೆ. ಅದೇ ಪ್ಲಾಸ್ಟಿಕ್, ಅದೇ ಬಣ್ಣ. ಬಿಲ್ಲೆಯನ್ನು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಹನ್ನೆರಡು ಪಟ್ಟಿಯಾಗಿ ಸೀಳಿದೆವು. ಕೆಲಸಕ್ಕೆ ಐದು ಖರ್ಚಾದವು. ಉಳಿದ ಏಳು ಗಾಳದ ಡಬ್ಬದಲ್ಲಿವೆ, ಅಂಗಡಿಯಲ್ಲಿ ಸಿಗದ ಸಾಮಾನು.

ಕೆಲಸದ ಮುಂಚೆ ಎರಡು ದಿನ ಒಳಗೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿದ್ದೆ. ಬಿರುಕಿನಲ್ಲಿ ಒಂದು ಹನಿ ಉಳಿದರೂ ಬಿಸಿಗೆ ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಬಿರುಕಿನ ಹೊರತುದಿಯಲ್ಲಿ 4 ಮಿಲಿಮೀಟರ್ ತೂತು ಕೊರೆದೆವು. ಒಡೆದ ಕಡೆ ಇನ್ನೊಂದು ತೂತಾ ಅಂತ ಅವರು ಹುಬ್ಬೇರಿಸಿದರು. ಬಿರುಕಿನ ತುದಿ ಸೂಜಿಯಷ್ಟು ಚೂಪು. ಎಳೆತವೆಲ್ಲ ಆ ಚೂಪಿನಲ್ಲಿ ಸೇರಿ ಮುಂದೆ ಸೀಳುತ್ತ ಹೋಗುತ್ತದೆ. ತುದಿಯನ್ನು ದುಂಡಗೆ ಮಾಡಿದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ಚಾಕುವಿನಲ್ಲಿ ಇಳಿಜಾರಾಗಿ ಹೆರೆದು ಕಾಲುವೆ ಮಾಡಿದೆವು, ಬಿಸಿಲಿಗೆ ಮಾಸಿದ ಮೇಲ್ಪದರವನ್ನು ಸುತ್ತ ಎರಡು ಬೆರಳಗಲ ಹೆರೆದು ತೆಗೆದೆವು.

ಹೀಟ್ ಗನ್ನಿನ ಬಾಯಿಗೆ ಸಣ್ಣ ಮೂತಿ ಸಿಕ್ಕಿಸಿ, ಗಾಳಿಯ ಬಿಸಿ 300 ಡಿಗ್ರಿ ಆಸುಪಾಸಿಗೆ ಇಟ್ಟೆವು. ಈ ಪ್ಲಾಸ್ಟಿಕ್ ಕರಗುವುದು 120ರಿಂದ 130 ಡಿಗ್ರಿಯಲ್ಲಿ. ಆದರೆ ಗಾಳಿ ತಾಗಿ ಒಳಗಿನ ತನಕ ಬಿಸಿಯಾಗಬೇಕಾದರೆ ಅಷ್ಟು ಬೇಕು. ಇಲ್ಲಿ ಥರ್ಮಾಮೀಟರಿಗಿಂತ ಕಣ್ಣು ಮುಖ್ಯ. ಮಂಕಾಗಿದ್ದ ಕಿತ್ತಳೆ ಮೊದಲು ಬೆವರಿದ ಹಾಗೆ ಹೊಳೆಯುತ್ತದೆ, ಆಮೇಲೆ ಬೆಲ್ಲದ ಪಾಕದಂತೆ ಗಾಜುಗಾಜಾಗುತ್ತದೆ. ಆ ಕ್ಷಣ ಪಟ್ಟಿ ಒತ್ತಬೇಕು. ಪಟ್ಟಿಯೂ ಹೊಳೆಯುತ್ತಿರಬೇಕು, ಕಾಲುವೆಯೂ ಹೊಳೆಯುತ್ತಿರಬೇಕು. ಒಂದು ಮಾತ್ರ ಕರಗಿದ್ದರೆ ಮತ್ತೆ ನೀರ್ದೋಸೆಯ ಕಥೆಯೇ. ಕಂದು ಬಣ್ಣ ಬಂದು ಹೊಗೆಯಾಡಿದರೆ ಸುಟ್ಟಿದೆ ಅಂತ ಅರ್ಥ. ಒಂದು ಕಡೆ ಹಾಗಾಯಿತು. ಅವರು ಏನೂ ಹೇಳದೆ ಅಷ್ಟನ್ನೂ ಹೆರೆದು ಬಿಸಾಕಿ ಹೊಸದಾಗಿ ತುಂಬಿದರು. ಅಲ್ಲಿಯವರೆಗೆ ನನಗೆ ಅರ್ಧ ಅನುಮಾನವಿತ್ತು, ಆಮೇಲೆ ಇರಲಿಲ್ಲ.

ಒಳಗಡೆಗೆ ಸ್ಟೀಲ್ ಜಾಲರಿಯ ತುಂಡು. ಕಾಯಿಸಿದ ಕಬ್ಬಿಣದ ಪಟ್ಟಿಯಿಂದ ಜಾಲರಿಯನ್ನು ಪ್ಲಾಸ್ಟಿಕ್‌ನೊಳಗೆ ಹುದುಗಿಸಿ, ಮೇಲೆ ತೆಳ್ಳಗೆ ಇನ್ನೊಂದು ಪದರ ಸವರಿದರು. ಭುಜದವರೆಗೆ ಕೈ ಹ್ಯಾಚಿನೊಳಗೆ, ಕಣ್ಣು ಆಕಾಶದ ಕಡೆಗೆ. ಬರೀ ಸ್ಪರ್ಶದ ಮೇಲೆ ಮಾಡಿದ ಕೆಲಸ ಅದು. ಕೊನೆಗೆ ಟ್ಯಾಂಕಿಗೆ ಮಾಡುವ ಹಾಗೆ ಒಂದು ಚೊಂಬು ನೀರು ಹೊಯ್ಯಲು ಹೋದರು, ನಾನು ಚೊಂಬು ಹಿಡಿದುಕೊಂಡೆ. ಗಬಕ್ಕನೆ ತಣಿದರೆ ಸೊಟ್ಟಗಾಗಿ ಒಳಗೇ ಎಳೆತ ಉಳಿಯುತ್ತದೆ. ಕಾಫಿ ಕುಡಿದು ಮುಗಿಸುವ ತನಕ ತಾನಾಗಿ ತಣಿಯಿತು. 700 ಕೇಳಿದರು, 1,000 ಕೊಟ್ಟೆ.

ಸೋರಿಕೆ ನೋಡಿದ್ದು ಸಾಬೂನು ನೀರಿನಲ್ಲಿ. ತಳಕ್ಕೆ ನೊರೆ ಬಳಿದು, ಬಿರಡೆಯ ತೂತಿಗೆ ಬಾಯಿಟ್ಟು ಊದಿದೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಇದು ಟ್ಯೂಬ್ ಅಲ್ಲ, ಒಡೆದೇ ಹೋದೀತು. ಬೆಸುಗೆಯ ಮೇಲೆ ಗುಳ್ಳೆ ಇಲ್ಲ. ಹ್ಯಾಚಿನ ರಿಂಗಿನ ಒಂದು ಸ್ಕ್ರೂ ಹತ್ತಿರ ಮಾತ್ರ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲಿ ಸಿಲಿಕಾನ್ ಹಚ್ಚಿದ್ದೆ, ಬುದ್ಧಿ ಬಂದಿರಲಿಲ್ಲ ನೋಡಿ. ಹಳೆ ಸೈಕಲ್ ಟ್ಯೂಬು ಕತ್ತರಿಸಿ ಅಡಿಗೆ ವಾಶರ್ ಹಾಗೆ ಇಟ್ಟು ಬಿಗಿದೆ, ನಿಂತಿತು. ರಬ್ಬರು ಅಂಟಬೇಕಾಗಿಲ್ಲ, ಒತ್ತಿದರೆ ಸಾಕು.

ಬದಲಾವಣೆಗಳು

ಹೇಗೂ ಕೊಯ್ದಾಗಿತ್ತು, ಗಾಳದ ಕೋಲು ನಿಲ್ಲಿಸುವ ಎರಡು ಹೋಲ್ಡರ್ ಕೂಡ ಹಾಕಿದೆ. ಕೊರೆಯುವ ಮುಂಚೆ ಅಂಗಳದಲ್ಲೇ ಕಯಾಕ್ ಮೇಲೆ ಕೂತು, ಹುಟ್ಟು ಹಿಡಿದು, ಅರ್ಧ ಗಂಟೆ ಗಾಳಿಯಲ್ಲಿ ಹುಟ್ಟು ಹಾಕಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ "ಎಲ್ಲಿಯವರೆಗೆ ಮುಟ್ಟಿದೆ ಮಗಾ?" ಅಂತ ಕೇಳಿದರು. ನಗಲಿ. ನಾನು ಮೊದಲು ಗುರುತು ಮಾಡಿದ ಜಾಗದಲ್ಲಿ ಹೋಲ್ಡರ್ ಹಾಕಿದ್ದರೆ ಪ್ರತಿ ಹುಟ್ಟಿಗೂ ಮೊಣಕೈ ಬಡಿಯುತ್ತಿತ್ತು ಅಂತ ಆಗಲೇ ತಿಳಿದದ್ದು. ಒಂದು ಗೇಣು ಹಿಂದೆ ಸರಿಸಿದೆ.

ಬೋಲ್ಟುಗಳಿಗೆ ಉಪ್ಪುನೀರಿನ ತುಕ್ಕು ತಡೆಯುವ 316 ದರ್ಜೆಯ ಸ್ಟೀಲನ್ನೇ ಕೇಳಿ ತಗೊಳ್ಳಿ. ಸಾಧಾರಣ ಸ್ಟೀಲ್ ನಮ್ಮ ಉಪ್ಪುನೀರಿಗೆ ಒಂದೇ ಸೀಸನ್ನಿನಲ್ಲಿ ಕಂದು ಕಣ್ಣೀರು ಸುರಿಸುತ್ತದೆ.

ಲಂಗರಿನ ವಿಷಯ ಸ್ವಲ್ಪ ಗಂಭೀರ. ಹರಿಯುವ ನೀರಿನಲ್ಲಿ ಲಂಗರಿನ ಹಗ್ಗವನ್ನು ಕೈಗೆ ಸಿಗುತ್ತದೆ ಅಂತ ಪಕ್ಕಕ್ಕೆ ಕಟ್ಟಿದರೆ ಕಯಾಕ್ ಹೊಳೆಗೆ ಅಡ್ಡ ನಿಲ್ಲುತ್ತದೆ, ಹಗ್ಗ ಒಂದು ಬದಿಯನ್ನು ಕೆಳಗೆಳೆಯುತ್ತದೆ, ನೀರು ಮಗುಚಿ ಹಾಕುತ್ತದೆ. ಹಗ್ಗ ಮೂತಿಯಿಂದಲೋ ಬಾಲದಿಂದಲೋ ಹೊರಡಬೇಕು. ಆದರೆ ಕೂತಲ್ಲಿಂದ ಅಲ್ಲಿಗೆ ಕೈ ಮುಟ್ಟುವುದಿಲ್ಲ. ಅದಕ್ಕೆ ಬದಿಯಲ್ಲಿ ಮುಂದೊಂದು, ಹಿಂದೊಂದು ಪುಟ್ಟ ರಾಟೆ ಹಾಕಿ, ಎರಡರ ನಡುವೆ ಸುತ್ತು ಹಗ್ಗ ಓಡಿಸಿ, ಅದರಲ್ಲೊಂದು ಬಳೆ ಕಟ್ಟಿದೆ. ಲಂಗರಿನ ಹಗ್ಗ ಬಳೆಯೊಳಗಿಂದ ಹೋಗುತ್ತದೆ. ಬಾವಿಯ ಹಗ್ಗ ಎಳೆದ ಹಾಗೆ ಎಳೆದರೆ ಬಳೆ ಬಾಲಕ್ಕೆ ಹೋಗಿ ನಿಲ್ಲುತ್ತದೆ. ಹೋಲ್ಡರಿಗಿಂತ ಮೊದಲು ಮಾಡಬೇಕಾದದ್ದು ಇದು.

ಹೊಟ್ಟೆಯೊಳಗೆ ಮುಚ್ಚಳ ಬಿಗಿದ ಎರಡು ಲೀಟರಿನ ಖಾಲಿ ಬಾಟಲಿ 20 ತುಂಬಿಸಿದೆ, ಹ್ಯಾಚಿನಿಂದಲೇ. ಮತ್ತೆ ಒಡೆದರೂ ಅಷ್ಟು ಜಾಗಕ್ಕೆ ನೀರು ಬರುವ ಹಾಗಿಲ್ಲ, 40 ಕಿಲೋ ತೇಲಿಸುವ ಶಕ್ತಿ ಉಳಿಯುತ್ತದೆ. ಖರ್ಚು ಸೊನ್ನೆ. ಮದುವೆ ಮನೆಯಿಂದ ತಂದ ಬಾಟಲಿಗಳು.

ಸಾಗಣೆ, ಈಗ

ಪಿಕಪ್ ಬಿಟ್ಟೆ. ಆಲ್ಟೋ ಮೇಲೆ ಎರಡು ಅಡ್ಡ ಪಟ್ಟಿ ಹಾಕಿಸಿದೆ. ಕಾರಿಗಿಂತ ಕಯಾಕ್ ಉದ್ದ, ಆದರೆ ಹತ್ತು ಇಂಚಿನಷ್ಟು ಮಾತ್ರ. ಕಯಾಕನ್ನು ಕವುಚಿಯೇ ಹಾಕುತ್ತೇನೆ, ಯಾಕಂದರೆ ಮೇಲಂಚು ತಳಕ್ಕಿಂತ ಗಟ್ಟಿ, ಭಾರ ತಡೆಯುತ್ತದೆ. ಪಟ್ಟಿಗಳ ನಡುವೆ ಕಾರು ಬಿಟ್ಟಷ್ಟು ದೂರ ಇಟ್ಟು, ಮೇಲೆ ಸ್ನಾನಗೃಹದ ಹಳೆ ರಬ್ಬರ್ ಮ್ಯಾಟ್ ಸುತ್ತಿದ್ದೇನೆ. ಹಗ್ಗವಿಲ್ಲ, ಬಕಲ್ ಇರುವ ಬೆಲ್ಟು. ರ‍್ಯಾಚೆಟ್ ಬೇಡ, ಹಿಡಿ ಆಡಿಸಿ ಬಿಗಿಯುವ ಆ ಸಾಧನ ಕೈಗೆ ಗೊತ್ತಾಗದಂತೆ ಹಿಂಡಿಬಿಡುತ್ತದೆ. ಕೈಬಲದಷ್ಟು ಎಳೆದು, ಕಯಾಕ್ ಅಲ್ಲಾಡಿಸಿದರೆ ಕಾರೂ ಅಲ್ಲಾಡಿದರೆ ಸಾಕು. ಬೆಲ್ಟಿಗೆ ಒಂದು ತಿರುವು ಕೊಡಿ, ಇಲ್ಲದಿದ್ದರೆ ಹೈವೇಯಲ್ಲಿ ಭೋರ್ ಅಂತ ಹಾಡುತ್ತದೆ. ಮೂತಿಯಿಂದ ಬಂಪರಿಗೆ ಇನ್ನೊಂದು ಹಗ್ಗ, ಬಿಗಿಯಾಗಿ ಅಲ್ಲ, ಬೆಲ್ಟು ಕೈಕೊಟ್ಟರೆ ಇರಲಿ ಅಂತ. ಬಿರಡೆ ತೆಗೆದಿರುತ್ತೇನೆ, ಬಿಸಿಲಿಗೆ ಒಳಗಿನ ಗಾಳಿ ಉಬ್ಬುತ್ತದಲ್ವಾ.

ಗೂಟದ ಗಾಡಿಯನ್ನು ಗುಜರಿಗೆ ಹಾಕಿ, ಪಿವಿಸಿ ಪೈಪಿನಲ್ಲಿ ತೊಟ್ಟಿಲಿನಂತಹ ಗಾಡಿ ಮಾಡಿದೆ. ತಳಕ್ಕೆ ಫೋಮ್, ಮಕ್ಕಳ ಸೈಕಲಿನ ಗಾಳಿ ಚಕ್ರ. ಭಾರ ಒಂದು ಮೊಳ ಅಗಲಕ್ಕೆ ಹರಡುತ್ತದೆ, ತೂತಿಗೆ ಏನೂ ತಾಗುವುದಿಲ್ಲ.

ತಳದ ತಗ್ಗಿಗೆ ಬೇರೆ ಮದ್ದು ಬೇಕಾಗಲಿಲ್ಲ. ಈ ಪ್ಲಾಸ್ಟಿಕ್‌ಗೆ ತನ್ನ ಮೊದಲ ಆಕಾರದ ನೆನಪಿರುತ್ತದೆ. ಹಂಡೆಯ ಬಿಸಿನೀರು ನಿಧಾನ ಹೊಯ್ದು, ಹ್ಯಾಚಿನಿಂದ ಕೈ ಹಾಕಿ ಒಳಗಿನಿಂದ ದೂಡಿದಾಗ ಮುಕ್ಕಾಲು ಪಾಲು ಎದ್ದಿತು. ಉಳಿದ ಕಾಲು ಪಾಲು ಇಳಿಬಿಸಿಲಿನಲ್ಲಿ ಈಗಲೂ ಕಾಣುತ್ತದೆ.

ಅಕ್ಟೋಬರಿನಿಂದ ಮೇ ತನಕ ಎಂಟು ತಿಂಗಳು ನೀರಿಗಿಳಿಸಿದ್ದೇನೆ. ಕಾಣೆ ಮೀನು ಸಿಕ್ಕಿದೆ, ಕೆಂಬೇರಿ ಮೀನು ಒಮ್ಮೆ ದಾರ ಕಡಿದುಕೊಂಡು ಹೋಗಿದೆ. ಬಿರಡೆ ತೆಗೆದಾಗ ಒಂದು ಚಮಚಕ್ಕಿಂತ ಜಾಸ್ತಿ ನೀರು ಬಂದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ನನ್ನ ಕಯಾಕಿಗೆ ಸೆಪ್ಟೆಂಬರ್ ಮುಗಿಯುವ ತನಕ ರಜೆ, ಕೊಟ್ಟಿಗೆಯ ಮಾಡಿನಡಿ ಎರಡು ಅಗಲ ಬೆಲ್ಟಿನಲ್ಲಿ ತೂಗಿಬಿಟ್ಟಿದ್ದೇನೆ.

ತೂಗುಹಾಕುವಾಗ ಒಂದು ಕಂಡಿತು. ಹಿಂದಿನ ಬಲ ತೂತಿನ ಅಂಚು ಉಗುರಿನಷ್ಟು ಅಗಲಕ್ಕೆ ಬಿಳಿಚಿಕೊಂಡಿದೆ. ಅದೇ ತಗ್ಗಿನ ಗೆರೆಯ ಇನ್ನೊಂದು ತುದಿ ಅದು. ಬಿರುಕಿಲ್ಲ, ಎಳೆತದ ಗುರುತು. ಬಿಳಿಚಿದ ಜಾಗದ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿದ್ದೇನೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡುತ್ತೇನೆ. ಇವತ್ತಿನ ತನಕ ಗೆರೆ ದಾಟಿಲ್ಲ.